ಗಂಧದೆಣ್ಣೆಯ ಬಾಟಲಿಯಲ್ಲಿ ಗಂಧ ಎಷ್ಟಿದೆ?

ಆನ್‌ಲೈನ್ ಮಾರುಕಟ್ಟೆಯಲ್ಲಿ ಶ್ರೀಗಂಧದ ಎಣ್ಣೆ ಹುಡುಕಿದರೆ 10 ಮಿಲಿಲೀಟರಿನ ಬಾಟಲಿ ಇನ್ನೂರು ಚಿಲ್ಲರೆ ರೂಪಾಯಿಗೂ ಸಿಗುತ್ತದೆ, ಹಲವು ಸಾವಿರಕ್ಕೂ ಸಿಗುತ್ತದೆ. ಎರಡರ ಮೇಲೂ ‘ನೂರಕ್ಕೆ ನೂರು ಶುದ್ಧ’ ಎಂಬ ಬರಹ, ಎರಡರ ಮೇಲೂ ಗಂಧದ ಕೊರಡಿನ ಚಿತ್ರ. ಕೊಳ್ಳುವವರ ಬಳಿ ಪ್ರಯೋಗಾಲಯ ಇರುವುದಿಲ್ಲ. ಲೆಕ್ಕ ಹಾಕಲು ಮಾತ್ರ ಯಾರ ಅಪ್ಪಣೆಯೂ ಬೇಕಿಲ್ಲ, ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಶ್ರೀಗಂಧದ ಎಣ್ಣೆ ಸಿಗುವುದು ಮರದ ಚೇಗಿನಿಂದ, ಅಂದರೆ ಕಾಂಡದ ಒಳಗಿನ ಗಟ್ಟಿ ತಿರುಳಿನಿಂದ, ಮತ್ತು ಬೇರಿನಿಂದ. ಒಳ್ಳೆಯ ಚೇಗಿನಲ್ಲಿ ತೂಕದ ಶೇ 3ರಿಂದ 6ರಷ್ಟು ಎಣ್ಣೆ ಇರುತ್ತದೆ. ಶೇ 5 ಎಂದು ಧಾರಾಳವಾಗಿಯೇ ಹಿಡಿದರೂ ಒಂದು ಕಿಲೋ ಎಣ್ಣೆಗೆ 20 ಕಿಲೋ ಚೇಗು ಬೇಕು. ಚೇಗಿನ ಬೆಲೆ ದರ್ಜೆ ನೋಡಿ, ಹರಾಜು ನೋಡಿ ಏರಿಳಿಯುತ್ತದೆ. ಲೆಕ್ಕಕ್ಕೆಂದು ಕಿಲೋಗೆ ಬರೀ 5,000 ರೂಪಾಯಿ ಇಟ್ಟುಕೊಳ್ಳಿ. ಮರದ ಖರ್ಚೇ ಒಂದು ಲಕ್ಷವಾಯಿತು. ಒಂದು ಕಿಲೋ ಗಂಧದೆಣ್ಣೆ ಎಂದರೆ ಸುಮಾರು 1,030 ಮಿಲಿಲೀಟರ್. ಅಂದರೆ 10 ಮಿಲಿಲೀಟರ್ ಎಣ್ಣೆಯೊಳಗೆ ಬರೀ ಮರದ ಬೆಲೆ 970 ರೂಪಾಯಿ. ಇದರ ಮೇಲೆ ಬಟ್ಟಿ ಇಳಿಸುವ ಸೌದೆ, ಕೂಲಿ, ಬಾಟಲಿ, ತೆರಿಗೆ, ಅಂಗಡಿಯ ಲಾಭ. ಇಷ್ಟೆಲ್ಲ ಸೇರಿದ ಮೇಲೆ ಅದನ್ನು 249 ರೂಪಾಯಿಗೆ ಕೊಡುವ ದಾರಿ ಯಾವುದೂ ಇಲ್ಲ. ಆ ಬಾಟಲಿಯಲ್ಲಿ ಬೇರೇನೋ ಇದೆ.

ಈ ಲೆಕ್ಕ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ಅಗ್ಗದ ಬಾಟಲಿ ಖೋಟಾ ಎಂದು ಖಚಿತವಾಗಿ ಹೇಳಬಹುದು. ದುಬಾರಿ ಬಾಟಲಿ ಅಸಲಿ ಎಂದು ಹೇಳಲು ಬರುವುದಿಲ್ಲ. ಕಲಬೆರಕೆ ಮಾಡುವವರಿಗೆ ಬೆಲೆ ಏರಿಸುವುದು ಗೊತ್ತಿಲ್ಲದ ವಿದ್ಯೆಯೇನಲ್ಲ. ಮನೆಯಲ್ಲೇ ಸಾಬೂನು ಮಾಡಿ ಮಾರುವ ಹೆಣ್ಣುಮಕ್ಕಳು, ಸಣ್ಣ ಪ್ರಮಾಣದಲ್ಲಿ ಅಗರಬತ್ತಿ ಹೊಸೆಯುವವರು, ಆಯುರ್ವೇದದ ಔಷಧ ಮಾಡುವವರು ಎಡವುವುದು ಇಲ್ಲೇ. ಕಷ್ಟಪಟ್ಟು ಉಳಿಸಿದ ಹಣದಲ್ಲಿ ದುಬಾರಿ ಎಣ್ಣೆಯನ್ನೇ ಕೊಳ್ಳುತ್ತಾರೆ, ನಂಬಿಕೆಯಿಂದ ಗಿರಾಕಿಗೆ ‘ಅಸಲಿ ಶ್ರೀಗಂಧ’ ಎಂದು ಮಾತು ಕೊಡುತ್ತಾರೆ. ಆ ಮಾತು ಸುಳ್ಳಾದರೆ ಹೆಸರು ಕೆಡುವುದು ಅವರದು.

ಬಟ್ಟಿಯಲ್ಲಿ ಆಗುವುದೇನು

ಗಂಧದ ಮರದ ಹೊರಗಿನ ಬಿಳಿ ಭಾಗದಲ್ಲಿ ಪರಿಮಳ ಇಲ್ಲವೆಂದೇ ಹೇಳಬೇಕು. ಗಿಡ ನೆಟ್ಟು ಹತ್ತು ವರ್ಷದ ಆಸುಪಾಸಿನಲ್ಲಿ ಚೇಗು ಕಟ್ಟಲು ತೊಡಗುತ್ತದೆ. ಮರಕ್ಕೆ ವಯಸ್ಸಾದಂತೆ ಚೇಗು ದಪ್ಪವಾಗುತ್ತದೆ, ಎಣ್ಣೆಯ ಅಂಶ ಹೆಚ್ಚುತ್ತದೆ, ಆ ಎಣ್ಣೆಯಲ್ಲಿ ಸ್ಯಾಂಟಲಾಲ್ ಎಂಬ ರಾಸಾಯನಿಕದ ಪಾಲೂ ಏರುತ್ತದೆ. ಗಂಧಕ್ಕೆ ಆ ಮೃದುವಾದ, ಹಾಲಿನ ಕೆನೆಯಂಥ, ಗಂಟೆಗಟ್ಟಲೆ ನಿಲ್ಲುವ ಪರಿಮಳ ಕೊಡುವುದು ಮುಖ್ಯವಾಗಿ ಆಲ್ಫಾ ಮತ್ತು ಬೀಟಾ ಎಂಬ ಎರಡು ಬಗೆಯ ಸ್ಯಾಂಟಲಾಲ್‌ಗಳು. ಎಣ್ಣೆಯ ಗುಣಮಟ್ಟದ ಚರ್ಚೆಯೆಲ್ಲ ಕೊನೆಗೆ ಬಂದು ನಿಲ್ಲುವುದು ಇವುಗಳ ಪ್ರಮಾಣದ ಮೇಲೆ.

ಚೇಗನ್ನು ಚಕ್ಕೆ ಮಾಡಿ, ಪುಡಿ ಮಾಡಿ, ಪಾತ್ರೆಗೆ ತುಂಬಿ ಹಬೆ ಹಾಯಿಸುತ್ತಾರೆ. ನಿಂಬೆಹುಲ್ಲಿನ ಎಣ್ಣೆ ಕೆಲವು ಗಂಟೆಗಳಲ್ಲಿ ಇಳಿದುಬಿಡುತ್ತದೆ. ಗಂಧ ಹಾಗಲ್ಲ. ಸ್ಯಾಂಟಲಾಲ್ ಕುದಿಯುವುದು 300 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ; ಹಬೆಯ ಜೊತೆ ಅದು ಬಹಳ ನಿಧಾನವಾಗಿ ಮೇಲೇಳುತ್ತದೆ. ಮೊದಲ ಗಂಟೆಗಳಲ್ಲಿ ಹಗುರವಾದ ಸ್ಯಾಂಟಲೀನ್‌ಗಳು ಬರುತ್ತವೆ, ಅಸಲಿ ಸರಕು ಬರುವುದು ಆಮೇಲೆ. ಬಟ್ಟಿಯನ್ನು ಎರಡು ಮೂರು ದಿನ ಬಿಡದೆ ಉರಿಸಬೇಕಾಗುತ್ತದೆ. ಸೌದೆ ಉಳಿಸಲೆಂದು ಬೇಗ ಇಳಿಸಿದರೆ ಎಣ್ಣೆ ಶುದ್ಧವಾಗಿಯೇ ಇರುತ್ತದೆ, ಆದರೆ ಸತ್ವ ಕಡಿಮೆ. ‘ಶುದ್ಧ’ ಎಂಬುದೂ ‘ಉತ್ತಮ’ ಎಂಬುದೂ ಬೇರೆ ಬೇರೆ ಪ್ರಶ್ನೆಗಳಾಗುವುದು ಹೀಗೆ. ಎಳೆ ಮರ ಕಡಿದು ಬಟ್ಟಿ ಇಳಿಸಿದರೂ ಇದೇ ಕಥೆ: ಕಲಬೆರಕೆ ಒಂದು ಹನಿಯೂ ಇರುವುದಿಲ್ಲ, ಎಣ್ಣೆ ಮಾತ್ರ ಮಾನದಂಡಕ್ಕೆ ಮುಟ್ಟುವುದಿಲ್ಲ.

ಮೈಸೂರಿನ ಎಣ್ಣೆಗೆ ಜಗತ್ತಿನಲ್ಲಿ ಹೆಸರು ಬಂದದ್ದು ಹೇಗೆ ಎಂಬುದನ್ನು ಇಲ್ಲಿ ನೆನೆಯಬೇಕು, ಏಕೆಂದರೆ ಇಂದಿನ ಸಮಸ್ಯೆಯ ಬೇರು ಅಲ್ಲೇ ಇದೆ. ಮೊದಲ ಮಹಾಯುದ್ಧಕ್ಕೆ ಮುಂಚೆ ಸಂಸ್ಥಾನದ ಗಂಧದ ಕೊರಡುಗಳು ಹರಾಜಾಗಿ ಯುರೋಪಿಗೆ, ಅದರಲ್ಲೂ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿದ್ದವು. 1914ರಲ್ಲಿ ಆ ದಾರಿ ಮುಚ್ಚಿತು, ಕೊರಡುಗಳು ಕೊಳ್ಳುವವರಿಲ್ಲದೆ ಉಳಿದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಡ್‌ಬರೋ ಮತ್ತು ವಾಟ್ಸನ್ ಎಂಬ ವಿಜ್ಞಾನಿಗಳು ಇಲ್ಲೇ ಎಣ್ಣೆ ಇಳಿಸುವ ವಿಧಾನ ರೂಪಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಲ್ಲಿ, ಸರ್ಕಾರವೇ ಈ ಉದ್ಯಮಕ್ಕೆ ಕೈಹಾಕಿತು. ಕಾಡು ಸರ್ಕಾರದ್ದು, ಮರ ಸರ್ಕಾರದ್ದು, ಕೊರಡಿನ ಡಿಪೊ ಸರ್ಕಾರದ್ದು, ಬಟ್ಟಿಯೂ ಸರ್ಕಾರದ್ದು. ಎಣ್ಣೆಯ ಡಬ್ಬಿಯ ಮೇಲಿನ ಮುದ್ರೆಯನ್ನು ಲಂಡನ್ನಿನ ವ್ಯಾಪಾರಿ ನಂಬುತ್ತಿದ್ದದ್ದು ಮರದಿಂದ ಡಬ್ಬಿಯವರೆಗೆ ಮಧ್ಯೆ ಬೇರೊಬ್ಬರ ಕೈ ಇರಲಿಲ್ಲ ಎಂಬ ಕಾರಣಕ್ಕೆ.

ಆ ಏಕಸ್ವಾಮ್ಯಕ್ಕೆ ತೆತ್ತ ಬೆಲೆಯೂ ದೊಡ್ಡದು. ತನ್ನ ಹೊಲದಲ್ಲಿ ತಾನಾಗಿ ಹುಟ್ಟಿದ ಗಂಧದ ಗಿಡವೂ ರೈತನದಾಗಿರಲಿಲ್ಲ; ಕಳ್ಳರ ಭಯ ಒಂದು ಕಡೆ, ಇಲಾಖೆಯ ಕೇಸಿನ ಭಯ ಇನ್ನೊಂದು ಕಡೆ, ಗಿಡವನ್ನು ಸಸಿಯಲ್ಲೇ ಕಿತ್ತೆಸೆದವರು ಎಷ್ಟೋ ಮಂದಿ. ಕಾಡಿನ ಮರವನ್ನು ಕಳ್ಳಸಾಗಣೆ ಮುಗಿಸಿತು. 2001ರಲ್ಲಿ ಕರ್ನಾಟಕ ಕಾನೂನು ತಿದ್ದಿ, ಜಮೀನಿನ ಒಡೆಯನೇ ಮರದ ಒಡೆಯ ಎಂದಿತು. ಅದು ಬಹಳ ಮೊದಲೇ ಆಗಬೇಕಿದ್ದ ಕೆಲಸ. ಈಗ ಸಾವಿರಾರು ಎಕರೆಯಲ್ಲಿ ಗಂಧ ಬೆಳೆಯುತ್ತಿದೆ, ಆಗ ನೆಟ್ಟ ಮರಗಳು ಕಟಾವಿಗೆ ಬರುತ್ತಿವೆ, ಅತ್ತ ಪಶ್ಚಿಮ ಆಸ್ಟ್ರೇಲಿಯಾದ ಕುನನುರಾ ಸುತ್ತಮುತ್ತ ನಮ್ಮದೇ ಜಾತಿಯ ಗಂಧದ ದೊಡ್ಡ ತೋಟಗಳಿವೆ. ಬೆಳೆಗಾರರು ಅನೇಕ, ಬಟ್ಟಿಗಳು ಅನೇಕ, ದಲ್ಲಾಳಿಗಳು ಅವರಿಗಿಂತ ಅನೇಕ. ಹಳೆಯ ಸರಪಳಿ ಒಬ್ಬರ ಕೈಯಲ್ಲಿದ್ದಾಗ ಕೇಳಬೇಕಾಗಿಲ್ಲದ ಪ್ರಶ್ನೆಗಳನ್ನು ಈಗ ಕೊಳ್ಳುವವರೇ ಕೇಳಬೇಕಾಗಿದೆ.

ಕಲಬೆರಕೆಯ ಮೆಟ್ಟಿಲುಗಳು

ಎಲ್ಲಕ್ಕಿಂತ ಒರಟಾದದ್ದು ಗಂಧದೆಣ್ಣೆಗೆ ಹರಳೆಣ್ಣೆಯನ್ನೋ ಕೊಬ್ಬರಿ ಎಣ್ಣೆಯನ್ನೋ ಬೆರೆಸುವುದು. ಇದು ಸಿಕ್ಕಿಬೀಳುವುದೂ ಸುಲಭ. ಅದಕ್ಕಿಂತ ಜಾಣತನದ್ದು ಅಗರಬತ್ತಿ ಉದ್ಯಮದವರೆಲ್ಲರಿಗೂ ‘ಡಿಇಪಿ’ ಎಂದೇ ಪರಿಚಿತವಾದ ಡೈಈಥೈಲ್ ಥ್ಯಾಲೇಟ್. ಬಣ್ಣವಿಲ್ಲ, ವಾಸನೆ ಇಲ್ಲವೆನ್ನುವಷ್ಟು ಕಡಿಮೆ, ಎಣ್ಣೆಯಲ್ಲಿ ಪೂರ್ತಿ ಬೆರೆಯುತ್ತದೆ, ಅಗ್ಗ. ಅಗರಬತ್ತಿಗೆ ಸುಗಂಧವನ್ನು ತೆಳುಮಾಡಲು ಅದನ್ನು ಬಳಸುವುದು ಉದ್ಯಮದಲ್ಲಿ ಬಹಿರಂಗವಾಗಿಯೇ ನಡೆಯುತ್ತದೆ. ಅದನ್ನೇ ಗಂಧದೆಣ್ಣೆಯ ಬಾಟಲಿಗೆ ಸುರಿದು ‘ಶುದ್ಧ’ ಎಂದು ಮಾರಿದಾಗ ಮೋಸವಾಗುತ್ತದೆ.

ಮುಂದಿನ ಮೆಟ್ಟಿಲು ಹೆಸರಿನದು. ‘ಸ್ಯಾಂಡಲ್‌ವುಡ್ ಆಯಿಲ್’ ಎಂದಷ್ಟೇ ಬರೆದರೆ ಅದು ಯಾವ ಮರದ್ದೂ ಆಗಬಹುದು. ನಮ್ಮ ಶ್ರೀಗಂಧ ಸ್ಯಾಂಟಲಮ್ ಆಲ್ಬಮ್. ಆಸ್ಟ್ರೇಲಿಯಾದ ಒಣನಾಡಿನ ಸ್ಯಾಂಟಲಮ್ ಸ್ಪೈಕೇಟಮ್ ಅದರ ದಾಯಾದಿ. ಅದರ ಎಣ್ಣೆಯಲ್ಲಿ ಸ್ಯಾಂಟಲಾಲ್ ಬಹಳ ಕಡಿಮೆ, ಫಾರ್ನೆಸಾಲ್ ಎಂಬ ಇನ್ನೊಂದು ಅಂಶ ಹೆಚ್ಚು. ಅದಕ್ಕೆ ತನ್ನದೇ ಬೆಲೆ, ತನ್ನದೇ ಬಳಕೆ, ತನ್ನದೇ ಅಂತರರಾಷ್ಟ್ರೀಯ ಮಾನದಂಡ ಇದೆ. ಅದನ್ನು ಅದರ ಹೆಸರಿನಲ್ಲೇ ಮಾರಿದರೆ ಯಾರ ತಕರಾರೂ ಇಲ್ಲ. ಪೂರ್ವ ಆಫ್ರಿಕಾದ ಒಸಿರಿಸ್ ಲ್ಯಾನ್ಸಿಯೊಲೇಟ ಎಂಬ ಮರವೂ ‘ಗಂಧ’ದ ಹೆಸರಿನಲ್ಲಿ ಎಷ್ಟು ಕಡಿಯಲ್ಪಟ್ಟಿತೆಂದರೆ 2013ರಲ್ಲಿ ಅದನ್ನು ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಗೆ ಸೇರಿಸಬೇಕಾಯಿತು. ಇನ್ನು ‘ವೆಸ್ಟ್ ಇಂಡಿಯನ್ ಸ್ಯಾಂಡಲ್‌ವುಡ್’ ಎಂದು ಮಾರಾಟವಾಗುವ ಅಮಿರಿಸ್‌ಗೂ ಗಂಧಕ್ಕೂ ನೆಂಟಸ್ತಿಕೆಯೇ ಇಲ್ಲ. ಅದು ನಿಂಬೆಯ ಕುಟುಂಬಕ್ಕೆ ಸೇರಿದ ಮರ.

ಮೇಲಿನ ಮೆಟ್ಟಿಲಲ್ಲಿ ಇರುವವರು ರಸಾಯನಶಾಸ್ತ್ರ ಬಲ್ಲವರು. ಗಂಧದ ವಾಸನೆ ಕೊಡುವ ಕೃತಕ ಅಣುಗಳನ್ನು ಸುಗಂಧ ಉದ್ಯಮ ದಶಕಗಳಿಂದ ತಯಾರಿಸುತ್ತಿದೆ. ಸಕ್ಕರೆ, ಪಿಷ್ಟಗಳನ್ನು ಸೂಕ್ಷ್ಮಜೀವಿಗಳಿಂದ ಹುದುಗಿಸಿ ನಿಜವಾದ ಸ್ಯಾಂಟಲಾಲ್ ಅನ್ನೇ ಪಡೆಯುವ ತಂತ್ರವೂ ಈಗ ಮಾರುಕಟ್ಟೆಗೆ ಬಂದಿದೆ. ಕಾಡಿನ ಮರ ಉಳಿಯುವ ದೃಷ್ಟಿಯಿಂದ ನನಗೆ ಇದು ಸ್ವಾಗತಾರ್ಹ ಬೆಳವಣಿಗೆ. ಬಾಟಲಿಯ ಮೇಲೆ ಹಾಗೆಂದು ಬರೆಯಬೇಕು, ಅಷ್ಟೆ.

ಮೂಗನ್ನು ಎಷ್ಟು ನಂಬಬಹುದು

ಕಾಗದದ ಮೇಲೆ ಒಂದು ಹನಿ ಹಾಕಿ, ಆರಿದ ಮೇಲೆ ಜಿಡ್ಡಿನ ಕಲೆ ಉಳಿದರೆ ಕಲಬೆರಕೆ ಎಂಬ ಪರೀಕ್ಷೆ ಎಲ್ಲ ಕಡೆ ಹರಿದಾಡುತ್ತದೆ. ನೀಲಗಿರಿ ಎಣ್ಣೆ, ನಿಂಬೆಹುಲ್ಲಿನ ಎಣ್ಣೆಗಳ ಮಟ್ಟಿಗೆ ಇದು ಸ್ವಲ್ಪ ಕೆಲಸಕ್ಕೆ ಬರುತ್ತದೆ. ಗಂಧ, ಲಾವಂಚದಂಥ ಭಾರವಾದ ಎಣ್ಣೆಗಳು ಶುದ್ಧವಾಗಿದ್ದರೂ ಕಾಗದದ ಮೇಲೆ ದಿನಗಟ್ಟಲೆ ಕಲೆ ಉಳಿಸುತ್ತವೆ. ಈ ಪರೀಕ್ಷೆಯನ್ನು ನಂಬಿದರೆ ಅಸಲಿ ಗಂಧದೆಣ್ಣೆಯನ್ನೇ ಖೋಟಾ ಎಂದು ಎಸೆಯಬೇಕಾದೀತು. ನೀರಿಗೆ ಹಾಕಿ ಕಲಕಿದಾಗ ಹಾಲಿನಂತಾದರೆ ಮದ್ಯಸಾರವನ್ನೋ ಗ್ಲೈಕಾಲ್ ಎಂಬ ದ್ರಾವಕವನ್ನೋ ಸೇರಿಸಿರಬಹುದು ಎಂಬ ಸುಳಿವು ಸಿಗುತ್ತದೆ. ಡಿಇಪಿ ಎರಡು ಪರೀಕ್ಷೆಗಳಲ್ಲೂ ನಿರಾಯಾಸವಾಗಿ ಪಾರಾಗುತ್ತದೆ.

ಮೂಗಿಗೆ ತನ್ನ ಕೆಲಸವಿದೆ. ಅಸಲಿ ಗಂಧದೆಣ್ಣೆ ಬಾಟಲಿ ತೆರೆದೊಡನೆ ಮುಖಕ್ಕೆ ಹೊಡೆಯುವುದಿಲ್ಲ. ಮೊದಲಿಗೆ ‘ಇಷ್ಟೇನಾ’ ಎನಿಸುವಷ್ಟು ಮೆಲುವಾಗಿರುತ್ತದೆ, ಕಾಗದದ ಪಟ್ಟಿಗೆ ತಾಗಿಸಿಟ್ಟರೆ ಮಾರನೆಯ ದಿನವೂ ಅದೇ ಪರಿಮಳ ಹೆಚ್ಚೂಕಡಿಮೆ ಹಾಗೆಯೇ ಇರುತ್ತದೆ. ತೆರೆದ ಕ್ಷಣದಲ್ಲೇ ಕೋಣೆ ತುಂಬುವ ‘ಗಂಧ’ವನ್ನು ಅನುಮಾನಿಸಬೇಕು. ಪ್ರವಾಸಿಗರ ಮುಂಗೈಗೆ ಉಜ್ಜಿ ಮಾರುವ ಎಣ್ಣೆ ಬಹುತೇಕ ಈ ಬಗೆಯದು. ಮೈಸೂರಿಗೆ ಬರುವ ನೆಂಟರಿಗೆಲ್ಲ ಇದನ್ನು ಹೇಳಿಯೇ ಕಳಿಸಬೇಕು.

ಮೂಗು ಪಳಗಬೇಕಾದರೆ ಹೋಲಿಸಲು ನಿಶ್ಚಿತವಾಗಿ ಅಸಲಿಯಾದ ಮಾದರಿಯೊಂದು ಕೈಯಲ್ಲಿರಬೇಕು. ಸರ್ಕಾರಿ ಸಂಸ್ಥೆಯ ಮುದ್ರೆಯೊತ್ತಿದ ಚಿಕ್ಕ ಬಾಟಲಿಯೊಂದನ್ನು ಈ ಕಾರಣಕ್ಕಾದರೂ ಕೊಂಡಿಟ್ಟುಕೊಳ್ಳುವುದು ಸಾರ್ಥಕ ಖರ್ಚು.

ವರದಿಯ ಹಾಳೆ

ಸುಗಂಧ ತೈಲದ ಪರೀಕ್ಷೆಯೆಂದರೆ ಇಂದು ಮುಖ್ಯವಾಗಿ ಗ್ಯಾಸ್ ಕ್ರೊಮ್ಯಾಟೋಗ್ರಫಿ, ಅದರ ಜೊತೆ ಮಾಸ್ ಸ್ಪೆಕ್ಟ್ರೋಮೆಟ್ರಿ, ಬಾಯಿಮಾತಿನಲ್ಲಿ ಜಿಸಿ-ಎಂಎಸ್. ಯಂತ್ರ ಎಣ್ಣೆಯನ್ನು ಅದರ ಘಟಕಗಳಾಗಿ ಬಿಡಿಸಿ, ಯಾವುದು ಎಷ್ಟು ಶೇಕಡಾ ಎಂದು ಪಟ್ಟಿ ಕೊಡುತ್ತದೆ. ಪೂರೈಕೆದಾರರು ‘ರಿಪೋರ್ಟ್ ಇದೆ’ ಎನ್ನುವುದು ಈ ಹಾಳೆಯನ್ನೇ. ಹಾಳೆ ಇದೆ ಎಂದ ಕೂಡಲೇ ಸಮಾಧಾನಪಟ್ಟುಕೊಳ್ಳುವವರು ಬಹಳ. ಓದುವವರು ಕಡಿಮೆ. ಓದುವುದು ಅಷ್ಟೇನೂ ಕಷ್ಟವಲ್ಲ.

ಮೊದಲು ನೋಡಬೇಕಾದ್ದು ಮೇಲಿನ ಎರಡು ಸಾಲು: ಯಾವ ಪ್ರಯೋಗಾಲಯ, ಯಾವ ಬ್ಯಾಚು. ಹಾಳೆಯ ಮೇಲಿನ ಬ್ಯಾಚ್ ಸಂಖ್ಯೆಯೂ ನಿಮ್ಮ ಬಾಟಲಿಯ ಮೇಲಿನ ಬ್ಯಾಚ್ ಸಂಖ್ಯೆಯೂ ಒಂದೇ ಆಗಿರಬೇಕು. ಮೂರು ವರ್ಷ ಹಿಂದೆ ಮಾಡಿಸಿದ ಒಂದು ಒಳ್ಳೆಯ ವರದಿಯನ್ನು ಎಲ್ಲ ಗಿರಾಕಿಗಳಿಗೂ ಕಳಿಸುತ್ತಿರುವ ವ್ಯಾಪಾರಿಗಳಿದ್ದಾರೆ. ಕಾಗದ ಅಸಲಿ, ಪರೀಕ್ಷೆ ಅಸಲಿ, ಆ ಎಣ್ಣೆ ಮಾತ್ರ ಯಾವತ್ತೋ ಖರ್ಚಾಗಿ ಹೋಗಿದೆ. ಪ್ರಯೋಗಾಲಯ ಮಾರಾಟಗಾರರದೇ ಆಗಿದ್ದರೆ ಅದು ಸುಳ್ಳೆಂದೇನೂ ಅರ್ಥವಲ್ಲ, ಆದರೆ ಹೊರಗಿನ ಪ್ರಯೋಗಾಲಯದ ಮಾತಿಗೆ ತೂಕ ಹೆಚ್ಚು. ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ ಎನ್‌ಎಬಿಎಲ್‌ನ ಮಾನ್ಯತೆ ಇದೆಯೇ, ಆ ಮಾನ್ಯತೆ ಈ ಪರೀಕ್ಷೆಗೂ ಅನ್ವಯಿಸುತ್ತದೆಯೇ ಎಂಬುದನ್ನು ಎನ್‌ಎಬಿಎಲ್ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು.

ಆಮೇಲೆ ಅಂಕಿಗಳು. ಶ್ರೀಗಂಧದ ಎಣ್ಣೆಯ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 3518. ಅದರ ಪ್ರಕಾರ ಆಲ್ಫಾ ಸ್ಯಾಂಟಲಾಲ್ ಶೇ 41ರಿಂದ 55ರೊಳಗೆ, ಬೀಟಾ ಸ್ಯಾಂಟಲಾಲ್ ಶೇ 16ರಿಂದ 24ರೊಳಗೆ ಇರಬೇಕು. ಆಲ್ಫಾ 30 ಇದ್ದರೆ ಎಳೆ ಮರ, ಬೇಗ ಇಳಿಸಿದ ಬಟ್ಟಿ, ಬೇರೆ ಜಾತಿ, ಅಥವಾ ಕಲಬೆರಕೆ ಇರಬಹುದು. ಪಟ್ಟಿಯಲ್ಲಿ ಡೈಈಥೈಲ್ ಥ್ಯಾಲೇಟ್ ಎಂಬ ಹೆಸರು ಕಂಡರೆ ಮುಂದಕ್ಕೆ ಓದುವ ಅಗತ್ಯವೇ ಇಲ್ಲ. ಹರಳೆಣ್ಣೆ, ಕೊಬ್ಬರಿ ಎಣ್ಣೆಗಳು ಆವಿಯಾಗದ ಕಾರಣ ಈ ಯಂತ್ರಕ್ಕೆ ನೇರವಾಗಿ ಕಾಣುವುದಿಲ್ಲ. ಅದಕ್ಕಾಗಿ ಸಾಂದ್ರತೆ, ವಕ್ರೀಭವನ ಸೂಚಿ, ದೃಕ್ ಭ್ರಮಣ ಎಂಬ ಹಳೆಯ ಭೌತಿಕ ಪರೀಕ್ಷೆಗಳೂ ಅದೇ ಹಾಳೆಯಲ್ಲಿರಬೇಕು. ಧ್ರುವೀಕರಿಸಿದ ಬೆಳಕಿನ ಸಮತಲವನ್ನು ಎಣ್ಣೆ ಎಷ್ಟು ತಿರುಗಿಸುತ್ತದೆ ಎಂಬುದೇ ದೃಕ್ ಭ್ರಮಣ; ಗಂಧದೆಣ್ಣೆ ಅದನ್ನು ಎಡಕ್ಕೆ ತಿರುಗಿಸುತ್ತದೆ. ಡಿಇಪಿಗೆ ಆ ಗುಣವೇ ಇಲ್ಲವಾದ್ದರಿಂದ ಬೆರೆಸಿದಷ್ಟೂ ಆ ಸಂಖ್ಯೆ ಸೊನ್ನೆಯತ್ತ ಜಾರುತ್ತದೆ.

‘ಶೇ 90 ಸ್ಯಾಂಟಲಾಲ್ ಗ್ಯಾರಂಟಿ’ ಎಂಬ ಮಾತು ವ್ಯಾಪಾರದಲ್ಲಿ ಬಹಳ ಕೇಳಿಬರುತ್ತದೆ. ಈ 90 ಹುಟ್ಟಿದ್ದು ಹಳೆಯ ಪರೀಕ್ಷಾ ವಿಧಾನದಿಂದ. ಆ ವಿಧಾನ ಸ್ಯಾಂಟಲಾಲ್ ಕೂಡ ಸೇರುವ ‘ಆಲ್ಕೋಹಾಲ್’ ಎಂಬ ರಾಸಾಯನಿಕ ವರ್ಗದಲ್ಲಿ ಎಣ್ಣೆಯಲ್ಲಿರುವ ಎಲ್ಲ ಘಟಕಗಳನ್ನೂ ಒಟ್ಟಿಗೆ ಎಣಿಸಿ ‘ಸ್ಯಾಂಟಲಾಲ್’ ಎಂದು ಬರೆಯುತ್ತಿತ್ತು. ಯಂತ್ರ ಒಂದೊಂದನ್ನೂ ಬಿಡಿಯಾಗಿ ಎಣಿಸಿದಾಗ ಮೊತ್ತ ಕೆಳಗಿಳಿಯುತ್ತದೆ. 2004ರಲ್ಲಿ ಲಂಡನ್ನಿನ ಕ್ಯೂ ಸಸ್ಯೋದ್ಯಾನದ ವಿಜ್ಞಾನಿಗಳು ಗಂಧದ ಹೆಸರಿನ ಎಣ್ಣೆಗಳನ್ನು ಜಿಸಿ-ಎಂಎಸ್‌ನಲ್ಲಿ ಪರೀಕ್ಷಿಸಿದಾಗ ಒಂದೂ ಶೇ 90 ಮುಟ್ಟಲಿಲ್ಲ. ಹೊಸ ಐಎಸ್‌ಒ ಮಿತಿಗಳನ್ನು ಮುಟ್ಟಿದ್ದೂ ಮಾರುಕಟ್ಟೆಯ ಎಣ್ಣೆಗಳಲ್ಲಿ ಅರ್ಧದಷ್ಟು ಮಾತ್ರ. ಆಲ್ಫಾ, ಬೀಟಾಗಳ ಮೇಲಿನ ಮಿತಿಗಳನ್ನು ಕೂಡಿದರೂ 79 ಆಗುತ್ತದೆ. ಹಾಗಾಗಿ ಯಾರಾದರೂ 90 ಎಂದರೆ ಯಾವ ವಿಧಾನದ 90 ಎಂದು ಕೇಳಿ. ತಿಳಿದವರು ತಕ್ಷಣ ಉತ್ತರಿಸುತ್ತಾರೆ.

ಇನ್ನೊಂದು ಗೊಂದಲವನ್ನು ವ್ಯಾಪಾರಿಗಳು ಬೇಕೆಂದೇ ಜೀವಂತವಾಗಿಟ್ಟಿದ್ದಾರೆ. ‘ನಮ್ಮದು ಐಎಸ್‌ಒ ಸರ್ಟಿಫೈಡ್ ಕಂಪನಿ’ ಎಂದು ತೋರಿಸುವ ಪತ್ರ ಬಹುತೇಕ ಐಎಸ್‌ಒ 9001. ಅದು ಕಚೇರಿಯ ಕಾರ್ಯವಿಧಾನ ಕ್ರಮಬದ್ಧವಾಗಿದೆ ಎಂದು ಹೇಳುವ ಪತ್ರ. ಎಣ್ಣೆಯ ಬಗ್ಗೆ ಅದರಲ್ಲಿ ಒಂದಕ್ಷರವೂ ಇರುವುದಿಲ್ಲ. ಸಾವಯವ ಪ್ರಮಾಣಪತ್ರವೂ ಗಿಡ ಬೆಳೆಸಿದ ಬಗೆಯನ್ನು ಹೇಳುತ್ತದೆ, ಬಾಟಲಿಯೊಳಗಿನ ಘಟಕಗಳನ್ನು ಹೇಳುವುದಿಲ್ಲ.

ಇಷ್ಟೆಲ್ಲ ಆದ ಮೇಲೂ ಒಂದು ಕಹಿ ಸತ್ಯ ಉಳಿಯುತ್ತದೆ. ಮಾನದಂಡವನ್ನು ಕೊಳ್ಳುವವರಷ್ಟೇ ಕಲಬೆರಕೆಯವರೂ ಓದುತ್ತಾರೆ. 41ರಿಂದ 55 ಎಂದು ಬರೆದಿಟ್ಟರೆ, ಶೇ 52 ಇರುವ ಒಳ್ಳೆಯ ಎಣ್ಣೆಯನ್ನು 42ಕ್ಕೆ ಇಳಿಯುವವರೆಗೆ ತೆಳುಮಾಡಲು ಅದೇ ಸಂಖ್ಯೆ ಅಳತೆಗೋಲಾಗುತ್ತದೆ. ಪೆಟ್ರೋಲಿಯಂ ಮೂಲದ ಕೃತಕ ಅಣುವನ್ನು ಹಿಡಿಯಲು ಇಂಗಾಲ-14 ಪರೀಕ್ಷೆ ಇದೆ, ಏಕೆಂದರೆ ಭೂಮಿಯಡಿ ಯುಗಗಳ ಕಾಲ ಇದ್ದ ತೈಲದಲ್ಲಿ ಅದು ಉಳಿದಿರುವುದಿಲ್ಲ, ಮೊನ್ನೆ ಕಡಿದ ಮರದಲ್ಲಿ ಇರುತ್ತದೆ. ಮೆಕ್ಕೆಜೋಳ, ಕಬ್ಬುಗಳಿಂದ ಹುದುಗಿಸಿ ತೆಗೆದ ಸ್ಯಾಂಟಲಾಲ್ ಆ ಪರೀಕ್ಷೆ ದಾಟಿದರೂ ಇಂಗಾಲ-13ರ ಅನುಪಾತದಲ್ಲಿ ಸಿಕ್ಕಿಬೀಳುತ್ತದೆ, ಆ ಹುಲ್ಲುಜಾತಿಯ ಗಿಡಗಳು ಗಾಳಿಯ ಇಂಗಾಲವನ್ನು ಹಿಡಿಯುವ ಬಗೆಯೇ ಬೇರೆ. ಇವೆಲ್ಲ ದುಬಾರಿ ಪರೀಕ್ಷೆಗಳು. 50 ಮಿಲಿಲೀಟರ್ ಕೊಳ್ಳುವವರ ಕೈಗೆ ಎಟುಕುವುದಿಲ್ಲ. ಒಂದು ಹಂತದ ನಂತರ ನಾವು ನಂಬಬೇಕಾದ್ದು ಎಣ್ಣೆಯ ಹಿಂದಿರುವ ಮನುಷ್ಯರನ್ನು.

ಯಾರಿಂದ ಕೊಳ್ಳಬೇಕು

ನಂಬಿಕಸ್ಥ ಪೂರೈಕೆದಾರರನ್ನು ಗುರುತಿಸಲು ನನಗೆ ತಿಳಿದಿರುವ ಅತ್ಯುತ್ತಮ ದಾರಿ ಫೋನ್ ಮಾಡಿ ನಾಲ್ಕು ಮಾತು ಕೇಳುವುದು. “ಇದು ಯಾವ ಜಾತಿಯ ಗಂಧ, ಎಲ್ಲಿಯ ಮರ, ಯಾವ ಭಾಗದಿಂದ ತೆಗೆದದ್ದು?” ಎಂದು ಕೇಳಿ ನೋಡಿ. ಒಬ್ಬರು “ಮೇಡಂ, ನೂರಕ್ಕೆ ನೂರು ಶುದ್ಧ, ನಮ್ಮ ತಂದೆಯವರ ಕಾಲದಿಂದ ಇದೇ ವ್ಯಾಪಾರ” ಎನ್ನುತ್ತಾರೆ. ಇನ್ನೊಬ್ಬರು “ಸ್ಯಾಂಟಲಮ್ ಆಲ್ಬಮ್ ಮೇಡಂ, ಚೇಗು ಮತ್ತು ಬೇರು ಸೇರಿಸಿ ಇಳಿಸಿದ್ದು. ಈ ಬ್ಯಾಚಿನಲ್ಲಿ ಆಲ್ಫಾ 42 ಬಂದಿದೆ, ಹೋದ ಬಾರಿಗಿಂತ ಕಡಿಮೆ. ರಿಪೋರ್ಟ್ ಕಳಿಸುತ್ತೇನೆ, ನೋಡಿ ಹೇಳಿ” ಎನ್ನುತ್ತಾರೆ. ತನ್ನ ಸರಕಿನ ಕೊರತೆಯನ್ನು ತಾನಾಗಿ ಹೇಳುವ ವ್ಯಾಪಾರಿಯ ಬಳಿ ಕೊಳ್ಳುವುದೇ ನನ್ನ ಆಯ್ಕೆ. ಪ್ರಕೃತಿಯ ಸರಕು ವರ್ಷದಿಂದ ವರ್ಷಕ್ಕೆ, ಮರದಿಂದ ಮರಕ್ಕೆ ಬದಲಾಗುತ್ತದೆ. ಪ್ರತಿ ಬ್ಯಾಚಿನಲ್ಲೂ ಅದೇ ಬಣ್ಣ, ಅದೇ ವಾಸನೆ, ದಶಾಂಶದವರೆಗೂ ಅದೇ ಅಂಕಿ ಕೊಡುವವರು ಎಲ್ಲೋ ಕುಳಿತು ಹದ ಮಾಡುತ್ತಿದ್ದಾರೆ ಎಂದೇ ತಿಳಿಯಬೇಕು.

ಗಂಧದ ವಿಷಯದಲ್ಲಿ ನಮಗೆ ಒಂದು ಅನುಕೂಲವೂ ಇದೆ. ಮರ ಕಡಿಯಲು, ಸಾಗಿಸಲು, ದಾಸ್ತಾನಿಡಲು ಅರಣ್ಯ ಇಲಾಖೆಯ ಅನುಮತಿ, ಪರವಾನಗಿಗಳು ಬೇಕು. ಬಹುತೇಕ ಬೇರೆ ಸುಗಂಧ ತೈಲಗಳಿಗೆ ಇಷ್ಟು ಕಾಗದಪತ್ರದ ಜಾಡು ಇಲ್ಲ. ದೊಡ್ಡ ಪ್ರಮಾಣದಲ್ಲಿ ಕೊಳ್ಳುವವರು ಆ ಕಾಗದಗಳನ್ನು ಕೇಳಬೇಕು. ಕೇಳಿದ್ದಕ್ಕೆ ಮುನಿಸಿಕೊಳ್ಳುವವರ ಸಹವಾಸವೇ ಬೇಡ, ಏಕೆಂದರೆ ಕದ್ದ ಮರದ ಎಣ್ಣೆಯೂ ಶುದ್ಧವೇ ಆಗಿರುತ್ತದೆ. ಪ್ರಯೋಗಾಲಯದ ಯಂತ್ರಕ್ಕೆ ಕಳ್ಳತನ ಗೊತ್ತಾಗುವುದಿಲ್ಲ.

ಚಿಕ್ಕ ಬಾಟಲಿ ಕೊಳ್ಳುವವರಿಗೆ ಲೇಬಲ್ ಇದೆ. ಪೊಟ್ಟಣದ ಸರಕುಗಳ 2011ರ ನಿಯಮಗಳಂತೆ ತಯಾರಕರ ಅಥವಾ ತುಂಬಿದವರ ಹೆಸರು, ಪೂರ್ಣ ವಿಳಾಸ, ಪ್ರಮಾಣ, ಗರಿಷ್ಠ ಬೆಲೆ, ತಿಂಗಳು-ವರ್ಷ, ದೂರು ಹೇಳಲು ಸಂಪರ್ಕ ಎಲ್ಲವೂ ಅಲ್ಲಿರಬೇಕು. ಇಷ್ಟನ್ನೂ ಹಾಕದವರು ಎಣ್ಣೆಯ ಬಗ್ಗೆ ಹೇಳುವುದನ್ನು ನಂಬಲು ಕಾರಣವಿಲ್ಲ. ಸಸ್ಯದ ವೈಜ್ಞಾನಿಕ ಹೆಸರು, ಬ್ಯಾಚ್ ಸಂಖ್ಯೆ ಇದ್ದರೆ ಒಳ್ಳೆಯ ಲಕ್ಷಣ. ಪಾರದರ್ಶಕ ಪ್ಲಾಸ್ಟಿಕ್ ಬಾಟಲಿ, ರಬ್ಬರಿನ ಡ್ರಾಪರ್ ಇದ್ದರೆ ಕೆಟ್ಟ ಲಕ್ಷಣ; ಕಡು ಬಣ್ಣದ ಗಾಜು ಬೇಕು.

ಬೇರೆ ಎಣ್ಣೆಗಳ ಮಾತನ್ನು ಬೇಗ ಮುಗಿಸಬಹುದು, ಏಕೆಂದರೆ ಕೇಳಬೇಕಾದ ಪ್ರಶ್ನೆಗಳು ಅವೇ. ಮಲ್ಲಿಗೆಯ ವಿಷಯ ಮಾತ್ರ ಎಲ್ಲರಿಗೂ ತಿಳಿದಿರಬೇಕು. ಮಲ್ಲಿಗೆಗೆ ಹಬೆ ಹಾಯಿಸಿದರೆ ಪರಿಮಳ ಬೆಂದು ಹೋಗುತ್ತದೆ. ಹಾಗಾಗಿ ದ್ರಾವಕದಲ್ಲಿ ನೆನೆಸಿ ಸಾರ ತೆಗೆಯುತ್ತಾರೆ. ತಮಿಳುನಾಡಿನ ಕೊಯಮತ್ತೂರು, ಸತ್ಯಮಂಗಲದ ಕಡೆ ಅಂಥ ಕಾರ್ಖಾನೆಗಳಿವೆ, ಒಂದು ಕಿಲೋ ಸಾರಕ್ಕೆ ನೂರಾರು ಕಿಲೋ ಹೂವು ಬೇಕು. ‘ಹಬೆಯಲ್ಲಿ ಇಳಿಸಿದ ಮಲ್ಲಿಗೆ ಎಣ್ಣೆ, 199 ರೂಪಾಯಿ’ ಎಂಬ ಬಾಟಲಿಯಲ್ಲಿ ವಿಧಾನವೂ ಸುಳ್ಳು, ಬೆಲೆಯೂ ಸುಳ್ಳು. ಉತ್ತರ ಪ್ರದೇಶದ ಕನೌಜಿನ ಸಾಂಪ್ರದಾಯಿಕ ಅತ್ತರಿನವರು ಹೂವಿನ ಹಬೆಯನ್ನು ಗಂಧದೆಣ್ಣೆಯೊಳಗೇ ಇಳಿಸಿ ಹಿಡಿಯುತ್ತಿದ್ದರು. ಗಂಧ ದುಬಾರಿಯಾದ ಮೇಲೆ ಅನೇಕ ಕಡೆ ಆ ಜಾಗಕ್ಕೆ ಲಿಕ್ವಿಡ್ ಪ್ಯಾರಾಫಿನ್ ಬಂದಿದೆ. ಗುಲಾಬಿಯ ಒಂದು ಕಿಲೋ ಎಣ್ಣೆಗೆ ಮೂರರಿಂದ ಐದು ಟನ್ ಹೂವು ಬೇಕಾಗುವುದರಿಂದ ಅದಕ್ಕೆ ಪಾಮರೋಸ ಹುಲ್ಲಿನಿಂದ ತೆಗೆದ ಜೆರಾನಿಯಾಲ್ ಎಂಬ ಘಟಕವನ್ನು ಬೆರೆಸುವುದು ಹಳೆಯ ಚಾಳಿ. ಲ್ಯಾವೆಂಡರ್‌ನಲ್ಲಿ ಕೃತಕ ಲಿನಾಲೂಲ್ ಸೇರಿಸಿದರೆ ಸಾಮಾನ್ಯ ವರದಿಯಲ್ಲಿ ಗೊತ್ತಾಗುವುದಿಲ್ಲ. ಆದರೆ ಆ ಅಣುವಿಗೆ ಎಡಗೈ ಬಲಗೈಗಳಂತೆ ಎರಡು ರೂಪಗಳಿವೆ. ಗಿಡ ಬಹುಪಾಲು ಒಂದನ್ನೇ ಮಾಡುತ್ತದೆ, ಕಾರ್ಖಾನೆಯದರಲ್ಲಿ ಎರಡೂ ಸಮನಾಗಿರುತ್ತವೆ. ದಾಲ್ಚಿನ್ನಿಯಲ್ಲಿ ತೊಗಟೆಯ ಎಣ್ಣೆಯೂ ಎಲೆಯ ಎಣ್ಣೆಯೂ ಬೇರೆಯೇ ವಸ್ತುಗಳು: ಮೊದಲನೆಯದರಲ್ಲಿ ಸಿನ್ನಮಾಲ್ಡಿಹೈಡ್ ಮುಖ್ಯ, ಎರಡನೆಯದರಲ್ಲಿ ಯುಜೆನಾಲ್, ಬೆಲೆಯಲ್ಲಿ ಬಹಳ ಅಂತರ. ಕಿತ್ತಳೆ, ನಿಂಬೆ, ಟೀ ಟ್ರೀ ಎಣ್ಣೆಗಳಲ್ಲಿ ಕಲಬೆರಕೆಗಿಂತಲೂ ಹಳಸುವಿಕೆ ದೊಡ್ಡ ತೊಂದರೆ. ಗಾಳಿ ಬೆಳಕಿಗೆ ಸಿಕ್ಕ ಎಣ್ಣೆ ಚರ್ಮಕ್ಕೆ ಅಲರ್ಜಿ ತರುತ್ತದೆ, ಆದ್ದರಿಂದ ಎಣ್ಣೆ ತೆಗೆದ ದಿನಾಂಕ ಕೇಳಿ ತಿಳಿದುಕೊಳ್ಳಬೇಕು.

‘ಥೆರಪ್ಯೂಟಿಕ್ ಗ್ರೇಡ್’, ಅಂದರೆ ಚಿಕಿತ್ಸೆಗೆ ಯೋಗ್ಯವಾದ ದರ್ಜೆ, ಎಂಬ ಮಾತಿನ ಬಗ್ಗೆ ನನಗೆ ಸಿಟ್ಟಿದೆ, ಬಚ್ಚಿಡುವುದಿಲ್ಲ. ಯಾವ ಸರ್ಕಾರವೂ, ಯಾವ ಮಾನದಂಡ ಸಂಸ್ಥೆಯೂ ಅಂಥ ದರ್ಜೆಯನ್ನು ಮಾಡಿಲ್ಲ. ಕಂಪನಿಗಳು ತಾವೇ ಕೊಟ್ಟುಕೊಂಡ ಬಿರುದು ಅದು. ಆ ಬಿರುದಿನ ನೆರಳಿನಲ್ಲಿ ಎಣ್ಣೆಯನ್ನು ನೀರಿಗೆ ಹಾಕಿ ಕುಡಿಯಿರಿ, ಸಕ್ಕರೆ ಕಾಯಿಲೆಗೆ ಒಳ್ಳೆಯದು, ಮಗುವಿನ ಎದೆಗೆ ಹಾಗೆಯೇ ಹಚ್ಚಿ ಎಂಬ ಸಲಹೆಗಳು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿಯುತ್ತವೆ. 2014ರಲ್ಲಿ ಎಬೋಲಾ ಹರಡಿದ್ದಾಗ ಸುಗಂಧ ತೈಲಗಳಿಂದ ಅದು ಗುಣವಾಗುತ್ತದೆ ಎಂಬ ಪ್ರಚಾರ ಎಷ್ಟಾಯಿತೆಂದರೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಕಂಪನಿಗಳಿಗೆ ಎಚ್ಚರಿಕೆ ಪತ್ರ ಬರೆಯಬೇಕಾಯಿತು. ನಮ್ಮಲ್ಲೂ ಸಕ್ಕರೆ ಕಾಯಿಲೆ, ಕ್ಯಾನ್ಸರ್ ಗುಣಪಡಿಸುತ್ತೇವೆಂಬ ಜಾಹೀರಾತನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತುಗಳ) ಕಾಯ್ದೆಯೇ ನಿಷೇಧಿಸಿದೆ. ನೀಲಗಿರಿ ಎಣ್ಣೆ, ಕರ್ಪೂರದ ಎಣ್ಣೆ ಸ್ವಲ್ಪವೇ ಹೊಟ್ಟೆಗೆ ಹೋದರೂ ಚಿಕ್ಕ ಮಕ್ಕಳಿಗೆ ಫಿಟ್ಸ್ ಬರಬಹುದು. ಎಣ್ಣೆ ಶುದ್ಧವಾದಷ್ಟೂ ಆ ಅಪಾಯ ಹೆಚ್ಚೇ ಹೊರತು ಕಡಿಮೆಯಲ್ಲ. ಎಣ್ಣೆ ಕುಡಿಯಲು ಹೇಳುವ ಮಾರಾಟಗಾರರ ಉಳಿದ ಕಾಗದಗಳನ್ನು ಪರಿಶೀಲಿಸುವ ಶ್ರಮ ಬೇಡ.

ವ್ಯಾಪಾರಕ್ಕಾಗಿ ಕೊಳ್ಳುವವರಿಗೆ ಪರೀಕ್ಷೆ ಮಾಡಿಸುವುದು ಅಂದುಕೊಂಡಷ್ಟು ದೂರದ ಮಾತಲ್ಲ. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಗಂಧದ ಸಂಶೋಧನೆಗೇ ಹೆಸರಾದದ್ದು. ಔಷಧೀಯ ಮತ್ತು ಸುಗಂಧ ಸಸ್ಯಗಳ ಕೇಂದ್ರೀಯ ಸಂಸ್ಥೆಯಾದ ಲಖನೌದ ಸೀಮ್ಯಾಪ್‌ಗೆ ಬೆಂಗಳೂರಿನಲ್ಲಿ ಸಂಶೋಧನಾ ಕೇಂದ್ರವಿದೆ. ಕನೌಜಿನಲ್ಲಿ 1991ರಿಂದ ಇರುವ ಸುಗಂಧ ಮತ್ತು ರುಚಿ ಅಭಿವೃದ್ಧಿ ಕೇಂದ್ರ ಸಣ್ಣ ಉದ್ಯಮಗಳ ಸಚಿವಾಲಯದ ಅಡಿಯದು, ಮಾದರಿಗಳನ್ನು ಪರೀಕ್ಷಿಸಿ ಕೊಡುತ್ತದೆ. ಒಂದು ಲೀಟರ್ ಗಂಧದೆಣ್ಣೆಗೆ ಲಕ್ಷ ಸುರಿಯುವ ಮುಂಚೆ ಪರೀಕ್ಷೆಯ ಶುಲ್ಕಕ್ಕೆ ಲೆಕ್ಕ ನೋಡುವುದು ಸರಿಯಲ್ಲ. ನಾಲ್ಕು ಜನ ಸಾಬೂನಿನವರು ಸೇರಿ ಒಂದೇ ಬ್ಯಾಚ್ ಕೊಂಡು ಶುಲ್ಕ ಹಂಚಿಕೊಂಡರೆ ಹೊರೆಯೂ ಅನಿಸುವುದಿಲ್ಲ.

ಮೊದಲ ಬಾರಿ ಚಿಕ್ಕ ಪ್ರಮಾಣ ತರಿಸಿ. ಸೀಲು ಒಡೆಯುವಾಗ ಜೊತೆಗೊಬ್ಬರು ಇರಲಿ, ಫೋಟೊ ತೆಗೆದಿಟ್ಟುಕೊಳ್ಳಿ. ಎಣ್ಣೆಯನ್ನು ಎರಡು ಕಡು ಗಾಜಿನ ಶೀಷೆಗಳಿಗೆ ಹಂಚಿ, ಎರಡಕ್ಕೂ ಬ್ಯಾಚ್ ಸಂಖ್ಯೆ ಮತ್ತು ದಿನಾಂಕ ಅಂಟಿಸಿ, ಒಂದನ್ನು ಪ್ರಯೋಗಾಲಯಕ್ಕೆ ಕಳಿಸಿ. ಇನ್ನೊಂದನ್ನು ಕತ್ತಲೆಯಲ್ಲಿ, ತಂಪಾದ ಜಾಗದಲ್ಲಿ ಇಡಿ. ದೊಡ್ಡ ಆರ್ಡರ್ ಬಂದ ದಿನ ಹೊಸ ಎಣ್ಣೆಯ ಮಾದರಿಯನ್ನೂ ಅದೇ ಪ್ರಯೋಗಾಲಯಕ್ಕೆ ಕಳಿಸಿ. ಮೊದಲ ಮಾದರಿಗೂ ಆಮೇಲೆ ಬಂದ ಸರಕಿಗೂ ಅಂತರ ಕಂಡರೆ, ವ್ಯಾಪಾರಿಯ ಮುಂದೆ ಇಡಲು ಎರಡು ವರದಿಗಳೂ ಆ ಶೀಷೆಯೂ ನಿಮ್ಮ ಕೈಯಲ್ಲಿರುತ್ತವೆ.